ಕಿವಿ ಮೇಷ್ಟ್ರು ಹೆಣೆದ ಜಡೆ

ಅವರಿಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ರೇಡಿಯೋ, ಟೇಪ್ ರೆಕಾರ್ಡರು, ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಬೇರೆ ರಿಪೇರಿಯವರು ಕೆಟ್ಟ ಸೆಟ್ಟು ಬಂದ ಕೂಡಲೇ ಮೀಟರಿಗೆ ಕೈ ಹಾಕುತ್ತಾರೆ. ಇವರು ಹಾಗಲ್ಲ. ಮೊದಲು ಸೆಟ್ಟನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ಕೂತುಬಿಡುತ್ತಿದ್ದರು. ಅಲ್ಲಿಯವರೆಗೆ ಗಿರಾಕಿ ಉಸಿರು ಬಿಗಿಹಿಡಿದು ನಿಂತಿರಬೇಕು. ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರಬೇಕು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕಣ್ಣು ತೆರೆದು, "ಕಂಡೆನ್ಸರ್ ಹೋಗಿದೆ" ಎಂದೋ "ಎರಡನೇ ವಾಲ್ವು ಸಡಿಲ ಆಗಿದೆ" ಎಂದೋ ತೀರ್ಪು ಕೊಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಹೀಗೆ ನಡೆದು ನಡೆದು ಆ ಹೆಸರು ಅಂಟಿಕೊಂಡಿತು. ಯಾರಾದರೂ ಹಾಗೆ ಕರೆದರೆ ಮೇಷ್ಟ್ರು ಮುಖ ಸಿಂಡರಿಸುತ್ತಿದ್ದರು, ಒಳಗೊಳಗೇ ಹಿಗ್ಗುತ್ತಿದ್ದರು.

ಕಿವಿಯ ಹೆಮ್ಮೆಯ ಜೊತೆಗೆ ಅವರಿಗೆ ಇನ್ನೊಂದು ಹುಚ್ಚು ಇತ್ತು, ಅಚ್ಚುಕಟ್ಟಿನ ಹುಚ್ಚು. ಮೇಜಿನ ಮೇಲೆ ಸ್ಕ್ರೂಡ್ರೈವರುಗಳು ಉದ್ದದ ಪ್ರಕಾರ ಸಾಲಾಗಿ ಮಲಗಿರಬೇಕು. ತಿರುಪುಗಳು ಹಳೆಯ ಔಷಧಿ ಡಬ್ಬಿಗಳಲ್ಲಿ, ಒಂದೊಂದು ಅಳತೆಗೆ ಒಂದೊಂದು ಡಬ್ಬಿ. ಸೆಟ್ಟಿನ ದೋಷ ತೆಗೆದ ಮೇಲೆ ಹಾಗೇ ಮುಚ್ಚಿಬಿಟ್ಟರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಳಗಿನ ವೈರುಗಳನ್ನೆಲ್ಲ ಬಾಚಿ ಒಟ್ಟುಮಾಡಿ, ಮೇಣ ಹಚ್ಚಿದ ದಾರದಿಂದ ಅಲ್ಲಲ್ಲಿ ಗಂಟು ಹಾಕಿ, ಶಾಲೆಗೆ ಹೋಗುವ ಹುಡುಗಿಯ ಜಡೆಯ ಹಾಗೆ ಹೆಣೆದು ಮೂಲೆಗೆ ಒತ್ತಿಸಬೇಕು. ಮುಚ್ಚಳ ಹಾಕಿದ ಮೇಲೆ ಅದನ್ನೆಲ್ಲ ಯಾರು ನೋಡುತ್ತಾರೆ ಎಂದು ಒಮ್ಮೆ ಹೆಂಡತಿ ಕೇಳಿದ್ದಳು. "ಮುಂದೆ ಯಾವತ್ತೋ ಬಿಚ್ಚೋನು ನೋಡ್ತಾನಲ್ಲ" ಎಂದಿದ್ದರು ಮೇಷ್ಟ್ರು.

ಹೆಂಡತಿ ಬಸ್ ಕಂಡಕ್ಟರು. ನಿವೃತ್ತಿ ಹತ್ತಿರ ಬಂದಿತ್ತು. ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳುವಂತೆ ಕೂಗಿ ಕೂಗಿ ಅವಳ ಗಂಟಲು ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ಗುಟ್ಟು ಹೇಳಿದರೂ ಎದುರುಮನೆಯವರು ಅದಕ್ಕೆ ಅಭಿಪ್ರಾಯ ಕೊಡುತ್ತಿದ್ದರು. ಹೆಂಡತಿಯ ಮಾತು ಕೇಳಿಸಲಿಲ್ಲ ಎಂಬ ತಕರಾರು ಆ ಮನೆಯಲ್ಲಿ ಹುಟ್ಟುವಂತೆಯೇ ಇರಲಿಲ್ಲ. ಮೇಷ್ಟ್ರಿಗೆ ತಮ್ಮ ಕಿವಿಯ ಮೇಲೆ ಅನುಮಾನ ಬಾರದಿದ್ದುದಕ್ಕೆ ಇದೂ ಒಂದು ಕಾರಣ.

ಅನುಮಾನ ಬರಬೇಕಾಗಿತ್ತು. ಒಂದು ಸಲ ಹಾಸಿಗೆಯ ಪಕ್ಕದ ಗಡಿಯಾರದ ಅಲಾರಂ ಕೆಟ್ಟಿತು. ಕೆಟ್ಟಿತು ಎಂದವರು ಮೇಷ್ಟ್ರು. ಹೆಂಡತಿ, "ಬೆಳಿಗ್ಗೆ ಅಷ್ಟು ಹೊತ್ತು ಕಿರುಚ್ತಲ್ರೀ" ಎಂದಳು. ಮೇಷ್ಟ್ರು ಅವಳ ಮಾತಿಗೆ ಕಿವಿಗೊಡದೆ ಗಡಿಯಾರವನ್ನು ಬಿಚ್ಚಿ, ಒಳಗೆ ಸದ್ದು ಮಾಡುವ ಬಿಲ್ಲೆ ಬದಲಾಯಿಸಿ, ಆದರೂ ಸದ್ದಿಲ್ಲವೆಂದು ಬಿಸಾಕಿ, ಹೊಸ ಗಡಿಯಾರ ತಂದರು. ಅದೂ ಮೂಕ. "ಈಗಿನ ಸಾಮಾನಿನ ಹಣೆಬರಹವೇ ಇಷ್ಟು" ಎಂದು ತಯಾರಿಸಿದವರನ್ನೂ ಮಾರಿದವರನ್ನೂ ಸೇರಿಸಿ ಬೈದರು. ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಳ್ಳುವುದೆಂದರೆ ಸಣ್ಣ ಸುದ್ದಿಯಲ್ಲ. ಮೇಷ್ಟ್ರು ಅದನ್ನಾದರೂ ಗಮನಿಸಬಹುದಿತ್ತು.

ಇಂಥ ಮೇಷ್ಟ್ರಿಗೆ ಒಬ್ಬ ಗೆಳೆಯ. ಅವನು ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುತ್ತಿದ್ದ. ವಾರದ ಕೊನೆಯ ಸಂಜೆಗಳಲ್ಲಿ ಒಂದು ಹೋಟೆಲಿನ ಊಟದ ಹಾಲಿನ ಮೂಲೆಯಲ್ಲಿ ಕೂತು ಗಿಟಾರು ನುಡಿಸುತ್ತಿದ್ದ. ಊಟಕ್ಕೆ ಬಂದವರು ಅವನ ಸಂಗೀತದ ಮೇಲೆ ಚಮಚ ಬಡಿಯುತ್ತಿದ್ದರು, ಮಕ್ಕಳು ಅವನ ಕಾಲ ಸಂದಿಯಲ್ಲಿ ಓಡುತ್ತಿದ್ದರು, ಅವನು ಮಾತ್ರ ದೊಡ್ಡ ಸಭೆಯ ಮುಂದೆ ಕೂತವನ ಗತ್ತಿನಲ್ಲಿ ನುಡಿಸುತ್ತಿದ್ದ. ಎಲ್ಲರೂ ಅವನನ್ನು ಗಿಟಾರಣ್ಣ ಎನ್ನುತ್ತಿದ್ದರು.

ಗಿಟಾರಣ್ಣನ ಆಂಪ್ಲಿಫೈಯರು ಬಹಳ ಹಳೆಯದು. ಕಂದು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಮುಂದೆ ಸವೆದ ಜಾಲರಿ, ಹಿಂದೆ ಕಾದು ಕೆಂಪಗಾಗುವ ಗಾಜಿನ ವಾಲ್ವುಗಳು. ಇಬ್ಬರಿಗೂ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ, ಬಾಗಿಲು ಹಾಕಿದ ಒಂದು ಕ್ಲಬ್ಬಿನ ಗುಜರಿಯಲ್ಲಿ ಅದು ಸಿಕ್ಕಿತ್ತು. ಸೈಕಲ್ಲಿನ ಮೇಲೆ ಹೇರಿ, ಒಬ್ಬ ತಳ್ಳುತ್ತ ಒಬ್ಬ ಹಿಡಿದುಕೊಳ್ಳುತ್ತ ತಂದಿದ್ದರು. ಸತ್ತು ಬಿದ್ದಿದ್ದ ಅದಕ್ಕೆ ಜೀವ ಬರಿಸಲು ಹೋಗಿ ಮೇಷ್ಟ್ರು ಬೆರಳು ಸುಟ್ಟುಕೊಂಡಿದ್ದರು, ಕರೆಂಟು ಹೊಡೆಸಿಕೊಂಡು ಗೋಡೆಗೆ ಅಪ್ಪಳಿಸಿದ್ದರು. ಚಾಲೂ ಇರುವ ಪೆಟ್ಟಿಗೆಗೆ ಒಂದು ಕೈ ಹಾಕಿದರೆ ಇನ್ನೊಂದು ಕೈ ಬೆನ್ನ ಹಿಂದಿರಬೇಕೆಂಬ ಪಾಠ ಕಲಿತದ್ದೂ ಅಲ್ಲೇ. ಕೊನೆಗೆ ಅದು ಬಾಯಿ ಬಿಟ್ಟಾಗ ಬಂದ ಸ್ವರವನ್ನು ಇಬ್ಬರೂ ಮರೆತಿರಲಿಲ್ಲ. ಮೆಲ್ಲಗೆ ಮೀಟಿದರೆ ಹಾಲಿನ ಕೆನೆಯಂತೆ ಬರುತ್ತಿತ್ತು, ಜೋರಾಗಿ ಮೀಟಿದರೆ ಅಂಚಿನಲ್ಲಿ ಸ್ವಲ್ಪ ಒರಟಾಗುತ್ತಿತ್ತು. ಹೆಸರಿಗೆ ಪೆಟ್ಟಿಗೆ ಗಿಟಾರಣ್ಣನದು. ಆದರೆ ಅದರ ಮೇಲೆ ಇಬ್ಬರಿಗೂ ಸಮಾನ ಹಕ್ಕು ಎಂಬಂತೆ ಜಗಳವಾಡುತ್ತಿದ್ದರು. ಮಳೆಯಲ್ಲಿ ಒಯ್ದರೆ ಮೇಷ್ಟ್ರು ರೇಗುತ್ತಿದ್ದರು, ರಿಪೇರಿ ತಡವಾದರೆ ಗಿಟಾರಣ್ಣ ರೇಗುತ್ತಿದ್ದ.

ಆ ಪೆಟ್ಟಿಗೆ ಒಂದು ದಿನ ಗುಂಯ್ ಎನ್ನತೊಡಗಿತು. ಗಿಟಾರಣ್ಣ ಅದನ್ನು ಹೊತ್ತು ತಂದ. ಮೇಷ್ಟ್ರು ಕಣ್ಣು ಮುಚ್ಚಿ, ತಲೆ ವಾಲಿಸಿ, "ಕಂಡೆನ್ಸರ್‌ಗಳೆಲ್ಲ ಮುದಿಯಾಗಿವೆ. ಒಂದೂ ಉಳಿಸೋದಿಲ್ಲ, ಎಲ್ಲ ಹೊಸದು ಹಾಕ್ತೀನಿ" ಎಂದರು. ಆ ತೀರ್ಪೇನೂ ತಪ್ಪಾಗಿರಲಿಲ್ಲ. ದಪ್ಪ ಸ್ವರಗಳು ಅವರಿಗೆ ಮೊದಲಿನಷ್ಟೇ ಚೆನ್ನಾಗಿ ಕೇಳಿಸುತ್ತಿದ್ದವು.

ಇಷ್ಟು ವರ್ಷದ ಚಿಲ್ಲರೆ ರಿಪೇರಿಗಳಿಗೆ ಪೆಟ್ಟಿಗೆಯ ಹಿಂಬದಿ ತೆರೆದರೆ ಸಾಕಾಗುತ್ತಿತ್ತು. ಈ ಸಲ ಒಳಗಿನ ತಗಡಿನ ತಟ್ಟೆಯನ್ನೇ ಹೊರಗೆಳೆದು ಬೋರಲು ಹಾಕಬೇಕಾಯಿತು. ಕಂಡೆನ್ಸರ್‌ಗಳು ಊದಿಕೊಂಡು ಕೂತಿದ್ದವು. ಅವನ್ನು ಕಿತ್ತು ಹೊಸದನ್ನು ಬೆಸೆಯುವಾಗ ಮೇಷ್ಟ್ರ ಕಣ್ಣು ವೈರುಗಳ ಮೇಲೆ ಬಿತ್ತು. ಒಂದು ಇತ್ತ ಡೊಂಕಾಗಿ, ಇನ್ನೊಂದು ಅತ್ತ ಸುತ್ತುಹಾಕಿ, ಮತ್ತೊಂದು ಎಲ್ಲರಿಂದ ದೂರ ಒಬ್ಬೊಂಟಿಯಾಗಿ, ಹೇಗೆ ಬೇಕೋ ಹಾಗೆ ಬಿದ್ದಿದ್ದವು. ಮಾಡಿದವನು ಯಾವ ಸೋಮಾರಿಯೋ ಎಂದುಕೊಂಡರು. ಕಂಡೆನ್ಸರ್ ಕೆಲಸಕ್ಕಿಂತ ಹೆಚ್ಚು ಹೊತ್ತು ಆ ವೈರುಗಳ ಮುಂದೆ ಕೂತು, ಬಾಚಿ, ಒಟ್ಟುಮಾಡಿ, ಗಂಟು ಹಾಕಿದರು. ಮುಗಿದ ಮೇಲೆ ಆ ಜಡೆ ನೋಡಲು ಎರಡು ಕಣ್ಣು ಸಾಲದಂತಿತ್ತು. ಹೆಂಡತಿಯನ್ನು ಕರೆದು ತೋರಿಸಿದರು. ಅವಳು ಕೆಲಸಕ್ಕೆ ಹೊರಡುವ ಅವಸರದಲ್ಲಿ, "ನನ್ನ ತಲೆ ಕೂಡ ಇಷ್ಟು ಚೆನ್ನಾಗಿ ಬಾಚಿಲ್ಲ ನಾನು" ಎಂದು ಬ್ಯಾಗು ನೇತುಹಾಕಿಕೊಂಡು ಹೋದಳು.

ಗಿಟಾರಣ್ಣ ಬಂದು, ಗಿಟಾರಿನ ವೈರು ಚುಚ್ಚಿ ನುಡಿಸಿದ. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ಗುಂಯ್ ಎನ್ನುವುದು ಪೂರ್ತಿ ನಿಂತಿತ್ತು. ಪೆಟ್ಟಿಗೆ ಮೊದಲ ದಿನದ ಹಾಗೆ ಹಾಡುತ್ತಿತ್ತು. ಮುಚ್ಚಿದ ರೆಪ್ಪೆಗಳ ಅಂಚಿನಲ್ಲಿ ನೀರು ಜಿನುಗಿತು. ಕಣ್ಣು ತೆರೆದಾಗ ಗೆಳೆಯ ಒಂದು ಹುಬ್ಬು ಮೇಲೇರಿಸಿ ಪೆಟ್ಟಿಗೆಯನ್ನೇ ನೋಡುತ್ತಿದ್ದ.

"ಯಾಕೋ, ಸರಿಯಾಗಿಲ್ವಾ?"

"ಇದೆ, ಇದೆ. ಗುಂಯ್ ಅನ್ನೋದು ಹೋಗಿದೆ."

"ಮತ್ತೆ ಮುಖ ಯಾಕೆ ಹಂಗಿದೆ?"

"ಬೆನ್ನು ಕಣೋ. ಅವತ್ತು ಇದನ್ನ ಹೊತ್ಕೊಂಡು ಬಂದೆನಲ್ಲ."

ಅವನು ಒಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಇನ್ನೂ ಸ್ವಲ್ಪ ನುಡಿಸಿ, ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು, ಪೆಟ್ಟಿಗೆ ಹೊತ್ತು ಹೊರಟ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರು ಪೆಟ್ಟಿಗೆ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದ.

ಸುದ್ದಿ ತಂದವಳು ಹೆಂಡತಿ. ಅವಳ ಬಸ್ಸಿನಲ್ಲಿ ಊರಿನ ಸುದ್ದಿಯೆಲ್ಲ ಟಿಕೆಟ್ಟಿಲ್ಲದೆ ಓಡಾಡುತ್ತಿತ್ತು. "ಗಿಟಾರಣ್ಣ ಪೆಟ್ಟಿಗೆ ಮಾರ್ತಾನಂತೆ. ಯಾರೋ ಸಂಗೀತದ ಟೀಚರ್ ತಗೋತಾರಂತೆ" ಎಂದಳು.

ಮೇಷ್ಟ್ರಿಗೆ ಕೆನ್ನೆಗೆ ಹೊಡೆದಂತಾಯಿತು. ಮಾರುವುದಿದ್ದರೆ ಮಾರಲಿ, ತನಗೊಂದು ಮಾತು ಹೇಳಬಾರದೇ. ಅದೂ ಈಗ, ತಾನು ಜೀವ ತೇಯ್ದು ಹೊಸದರಂತೆ ಮಾಡಿಕೊಟ್ಟ ಮೇಲೆ. ಅವನಿಗೂ ಈಗ ಅಂಗೈಯಷ್ಟು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕಾಗಿರಬೇಕು, ಹಳೆಯದು ಬೇಡ, ಹಳೆಯದನ್ನು ರಿಪೇರಿ ಮಾಡುವವನೂ ಬೇಡ. ಹೀಗೆ ಒಳಗೇ ಕುದಿಯುತ್ತ, ಸಾಲಾಗಿದ್ದ ಸ್ಕ್ರೂಡ್ರೈವರುಗಳನ್ನು ಮತ್ತೆ ಸಾಲು ಮಾಡಿದರು. ಸಿಟ್ಟು ಬಂದಾಗ ಅವರು ಮಾಡುತ್ತಿದ್ದುದು ಅದನ್ನೇ. ಹೋಗಿ ಕೇಳಲು ಅಭಿಮಾನ ಅಡ್ಡಬಂತು.

ಕೇಳುವ ಅಗತ್ಯವೂ ಬೀಳಲಿಲ್ಲ. ಒಂದು ಸಂಜೆ ಅಂಗಡಿಯ ಮುಂದೆ ಆಟೋ ನಿಂತಿತು. ಮುಂದೆ ಕೈಯಲ್ಲಿ ಗಿಟಾರು ಹಿಡಿದ ನಡುವಯಸ್ಸಿನ ಟೀಚರಮ್ಮ, ಹಿಂದೆ ಪೆಟ್ಟಿಗೆ ಹೊತ್ತ ಗಿಟಾರಣ್ಣ. ಅವನ ಮುಖ ಹರಕೆಯ ಕುರಿಯ ಹಾಗಿತ್ತು.

"ಮೇಷ್ಟ್ರೇ, ಇದನ್ನ ನಾನು ತಗೋಬೇಕು ಅಂತಿದ್ದೀನಿ" ಎಂದರು ಟೀಚರು. "ಸ್ವರ ನನಗೆ ಬಹಳ ಹಿಡಿಸಿದೆ. ಆದ್ರೆ ಒಂದು ಶಿಳ್ಳೆ ಇದೆ, ಅದನ್ನ ತೆಗೆದುಕೊಡಿ. ಇವರು ಬೇರೆ ಕಡೆ ಎಲ್ಲಾದ್ರೂ ತೋರಿಸಿ ಅಂದ್ರು. ನಾನು ವಿಚಾರಿಸಿದವರೆಲ್ಲ ನಿಮ್ಮನ್ನ ಬಿಟ್ಟು ಬೇರೆ ಯಾರ ಹತ್ರನೂ ಹೋಗ್ಬೇಡಿ ಅಂದ್ರು. ಅದಕ್ಕೆ ಇವರನ್ನ ಎಳ್ಕೊಂಡೇ ಬಂದೆ."

"ಶಿಳ್ಳೆನಾ?" ಮೇಷ್ಟ್ರು ನಕ್ಕರು. "ನನ್ನ ಕೈಯಲ್ಲಿ ರಿಪೇರಿ ಆದ ಪೆಟ್ಟಿಗೆ ಇದು. ಶಿಳ್ಳೆ ಗಿಳ್ಳೆ ಎಲ್ಲ ಇರೋದಿಲ್ಲ. ಇಡಪ್ಪ ಇಲ್ಲಿ."

ಗಿಟಾರಣ್ಣ, "ಇವತ್ತು ಬೇಡ ಕಣೋ, ಇನ್ನೊಂದಿನ ನೋಡೋಣ" ಎಂದದ್ದನ್ನು ಅವರು ಲೆಕ್ಕಿಸಲಿಲ್ಲ. ಪ್ಲಗ್ಗು ಹಾಕಿ, ವಾಲ್ವು ಕಾಯುವವರೆಗೆ ಕಾದು, ಕಣ್ಣು ಮುಚ್ಚಿ, ತಲೆ ವಾಲಿಸಿದರು. ಟೀಚರು ಒಂದೆರಡು ತಂತಿ ಮೀಟಿದರು. ಮೇಷ್ಟ್ರಿಗೆ ದುಂಡಗಿನ ಸ್ವರ ಕೇಳಿಸಿತು, ಅದರ ಹಿಂದೆ ಏನೂ ಇರಲಿಲ್ಲ.

"ಎಲ್ಲಿದೆ ಶಿಳ್ಳೆ?" ಎಂದರು ಕಣ್ಣು ಮುಚ್ಚಿಕೊಂಡೇ.

"ಈಗ ಬರ್ತಾನೇ ಇದೆಯಲ್ಲ, ಮೇಷ್ಟ್ರೇ."

"ಎಲ್ಲಿ?"

ಟೀಚರು ಮತ್ತೊಮ್ಮೆ ತಂತಿ ಮೀಟಿದರು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಹೆಂಡತಿ ಹೊಸ್ತಿಲಲ್ಲೇ ಕಿವಿಗೆ ಕೈ ಒತ್ತಿಕೊಂಡು, "ಅಯ್ಯೋ ಅದೇನ್ರೀ ಅದು ಕಿವಿ ಕೊರೆಯೋದು, ಆರಿಸ್ರೀ" ಎಂದಳು. ಮೇಷ್ಟ್ರು ಕಣ್ಣು ತೆರೆದರು. ಗಿಟಾರಣ್ಣ ಅವರ ಬೆನ್ನ ಹಿಂದೆ ನಿಂತು, ಸುಮ್ಮನಿರು ಎಂದು ಹೆಂಡತಿಗೆ ಕೈಸನ್ನೆ ಮಾಡುತ್ತಿದ್ದ. ಎದುರಿನ ಗಾಜಿನ ಬೀರುವಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಹೆಂಡತಿ ಕಿವಿಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡವಳಂತೆ ನಟಿಸಿದಳು. ಟೀಚರು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಆ ಪುಟ್ಟ ಕೋಣೆಯಲ್ಲಿ ನಾಲ್ಕು ಜನ ನಿಂತಿದ್ದರು, ಮೂವರಿಗೆ ಕೇಳಿಸುವ ಸದ್ದು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಕೈ ಚಾಚಿ ಪೆಟ್ಟಿಗೆಯನ್ನು ಆರಿಸಿದರು.

"ನಾಳೆ ಬೆಳಿಗ್ಗೆ ಬರ್ತೀನಿ" ಎಂದು ಟೀಚರು ಬೇಗ ಹೊರಟರು. ಹೆಂಡತಿ ಒಳಗೆ ಹೋದಳು. ಗಿಟಾರಣ್ಣನೂ ಚಪ್ಪಲಿ ಹುಡುಕುತ್ತಿದ್ದ.

"ನೀನು ನಿಲ್ಲು" ಎಂದರು ಮೇಷ್ಟ್ರು. "ಯಾವಾಗಿಂದ ಇದೆ ಇದು?"

"ಏನು?"

"ನಾಟಕ ಬೇಡ."

ಗಿಟಾರಣ್ಣ ಗೋಡೆಗೆ ಒರಗಿದ. "ನೀನು ಕೊಟ್ಟ ದಿನದಿಂದ."

"ಹೇಳ್ಬಹುದಿತ್ತಲ್ಲ."

"ಏನಂತ ಹೇಳ್ಲಿ? ಶಿಳ್ಳೆ ನಿನ್ನ ಮೂಗಿನ ಮುಂದೇನೇ ಬರ್ತಾ ಇತ್ತು. ನೀನು ಕಣ್ಣು ಮುಚ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು ಕೂತಿದ್ದೆ. ನನಗೆ ಬಾಯಿ ಬರ್ಲಿಲ್ಲ."

"ಅದಕ್ಕೆ ಮಾರೋಕೆ ಹೊರಟೆ."

"ಇನ್ನೇನು ಮಾಡ್ಲಿ? ಅದು ಮನೇಲಿದ್ರೆ ನೀನು ಸಿಕ್ಕಾಗೆಲ್ಲ ಕೇಳ್ತೀಯ, ಪ್ರತಿ ಸಲ ಸುಳ್ಳು ಹೇಳ್ಬೇಕು. ನಾನೇ ಬೇರೆಯವರ ಹತ್ರ ರಿಪೇರಿಗೆ ಕೊಟ್ರೆ ಊರಿಗೆಲ್ಲ ಗೊತ್ತಾಗುತ್ತೆ. ಪೆಟ್ಟಿಗೆ ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಪೆಟ್ಟಿಗೆಯನ್ನು ಅವನು ಎಷ್ಟು ಹಚ್ಚಿಕೊಂಡಿದ್ದನೆಂದು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಬಾಯಿಂದ ಬಂದದ್ದು ಸಿಟ್ಟೇ.

"ನಿನ್ನ ಅಂಗಡಿಗೆ ಮಂಜುಗಣ್ಣಿನವನು ಬರ್ತಾನೆ. ಏನೂ ಆಗಿಲ್ಲಪ್ಪ, ಕಣ್ಣು ಚೆನ್ನಾಗಿದೆ ಅಂತ ಬರಿಗಾಜು ಹಾಕಿ ಕಳಿಸ್ತೀಯಾ?"

"ಅವರು ಗಿರಾಕಿಗಳು ಕಣೋ."

"ಗಿರಾಕಿಗೆ ನಿಜ, ನನಗೆ ಸುಳ್ಳಾ?"

ಗಿಟಾರಣ್ಣ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ನಾಳೆ ಬರುತ್ತೇನೆ ಎಂದು ತಲೆ ತಗ್ಗಿಸಿ ಹೋದ.

ಊಟಕ್ಕೆ ಕೂತಾಗ ಮೇಷ್ಟ್ರು ತಟ್ಟೆ ಮುಟ್ಟಲಿಲ್ಲ. "ನಿನಗೂ ಗೊತ್ತಿತ್ತು" ಎಂದರು.

"ಹೂಂ. ಆ ಗಡಿಯಾರದ ಸಮಯದಿಂದ."

"ಬೀದಿಗೆಲ್ಲ ಕೇಳೋ ಹಾಗೆ ಮಾತಾಡ್ತೀಯ. ಇದೊಂದಕ್ಕೆ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

"ಹೆದರಿಕೆ ಆಯ್ತು ರೀ." ಅವಳ ಧ್ವನಿ ಆ ಮನೆಯಲ್ಲಿ ಎಂದೂ ಇಲ್ಲದಷ್ಟು ಇಳಿದಿತ್ತು. "ಕೆಲಸ ಇಲ್ದೆ ನೀವು ಹೇಗೆ ಇರ್ತೀರ ಅಂತ ಯೋಚನೆ ಮಾಡೋಕೂ ನನ್ನಿಂದ ಆಗಲಿಲ್ಲ."

ಮೇಷ್ಟ್ರ ತಲೆಯೊಳಗೆ ಒಂದೊಂದೇ ಸೆಟ್ಟು ಸಾಲಾಗಿ ಬಂದು ನಿಂತಿತು. ಕ್ಷೌರದಂಗಡಿಯವನ ರೇಡಿಯೋ ರಿಪೇರಿ ಮಾಡಿಕೊಟ್ಟ ಮೇಲೆ ಅವನು ಅದನ್ನು ಹಚ್ಚಿದ್ದನ್ನೇ ಅವರು ಕಂಡಿರಲಿಲ್ಲ. ಕೇಳಿದರೆ ಈಗೀಗ ತಲೆನೋವು ಎಂದಿದ್ದ. ವ್ಯಾಯಾಮ ಶಾಲೆಯವರ ಆಂಪ್ಲಿಫೈಯರು ಹೋದದ್ದು ಮತ್ತೆ ಬಂದಿರಲಿಲ್ಲ. ತಮ್ಮ ಕೆಲಸ ಗಟ್ಟಿ, ಅದಕ್ಕೇ ಯಾರೂ ಮರಳಿ ಬರುತ್ತಿಲ್ಲ ಎಂದು ಅವರು ಬೀಗಿದ್ದರು. ಯೌವನದಲ್ಲಿ ಸಭೆಗಳಿಗೆ ಕಹಳೆಯಂಥ ಸ್ಪೀಕರುಗಳನ್ನು ಕಟ್ಟುವಾಗ, ಅವುಗಳ ಬಾಯಿಗೇ ಕಿವಿಯಿಟ್ಟು ಪರೀಕ್ಷೆ ಮಾಡುತ್ತಿದ್ದದ್ದು ನೆನಪಾಯಿತು. ಕಿವಿ ಸವೆದದ್ದು ಅಲ್ಲೇ ಇರಬೇಕು, ಈಗ ಆ ಲೆಕ್ಕ ಹಾಕಿ ಏನು ಬಂತು.

"ಊರೆಲ್ಲ ನನ್ನನ್ನ ಕ್ಷಮಿಸ್ಕೊಂಡು ಓಡಾಡ್ತಾ ಇದೆ" ಎಂದರು. "ಅದಕ್ಕಿಂತ ಬೈದಿದ್ರೆ ಚೆನ್ನಾಗಿತ್ತು. ಅಂಗಡಿ ಮುಚ್ಚಿಬಿಡ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಕಂಡಕ್ಟರಿನ ಗಂಟಲು ವಾಪಸು ಬಂತು. "ಮುಚ್ಚಿ. ಬೇಡ ಅಂದವರು ಯಾರು. ಆದ್ರೆ ಮೊದಲು ಆ ಪೆಟ್ಟಿಗೇನ ಸರಿ ಮಾಡಿ ಮುಚ್ಚಿ. ಪಾಪ, ನಿಮ್ಮ ಮರ್ಯಾದೆಗೆ ಅವನು ತನ್ನ ಪೆಟ್ಟಿಗೆ ಕಳ್ಕೋಬೇಕಾ? ಕಿವಿ ಬೇಕಾದ್ರೆ ನಾನು ಪಕ್ಕದಲ್ಲಿ ಕೂತ್ಕೋತೀನಿ."

"ನೀನು ಕೂತ್ರೆ ಶಿಳ್ಳೆ ಬಂತು ಅನ್ನೋದು ಪಕ್ಕದ ಬೀದಿಗೂ ಗೊತ್ತಾಗುತ್ತೆ" ಎಂದರು ಮೇಷ್ಟ್ರು. ಅವಳು ನಕ್ಕಳು. ಅವರಿಗೆ ನಗು ಬರಲಿಲ್ಲ, ಆದರೂ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಬೆಳಿಗ್ಗೆ ಎದ್ದವರೇ ಪೆಟ್ಟಿಗೆಯ ತಟ್ಟೆಯನ್ನು ಹೊರಗೆ ತೆಗೆದು ಬೋರಲು ಹಾಕಿದರು. ಜಡೆ ಹಾಗೇ ಇತ್ತು, ಒಂದು ಗಂಟೂ ಸಡಿಲವಾಗದೆ. ಅದನ್ನು ನೋಡು ನೋಡುತ್ತಿದ್ದಂತೆ ಅವರಿಗೆ ಅರ್ಥವಾಯಿತು. ಗಿಟಾರಿನಿಂದ ಒಳಗೆ ಬರುವ ಕ್ಷೀಣ ಸ್ವರದ ವೈರನ್ನು, ದೊಡ್ಡದಾಗಿ ಹೊರಗೆ ಹೋಗುವ ಸ್ವರದ ವೈರಿನ ಪಕ್ಕದಲ್ಲೇ ಮಲಗಿಸಿ ಕಟ್ಟಿದ್ದರು. ಹಾಗೆ ಕಟ್ಟಿದರೆ ಹೋಗುವ ಸ್ವರ ಬರುವ ದಾರಿಗೆ ನುಸುಳಿ, ಸುತ್ತಿ ಸುತ್ತಿ ಶಿಳ್ಳೆ ಹಾಕುತ್ತದೆ. ಮೊದಲು ಮಾಡಿದವನು ಸೋಮಾರಿಯಾಗಿರಲಿಲ್ಲ. ಜಗಳಗಂಟ ವೈರುಗಳನ್ನು ದೂರ ದೂರ ಇಟ್ಟಿದ್ದ. ಇದು ಮೇಷ್ಟ್ರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹಿಂದೆಲ್ಲ ಜಡೆ ಹೆಣೆದ ಮೇಲೆ ಮತ್ತೊಮ್ಮೆ ಕಿವಿಗೊಟ್ಟು, ಎಲ್ಲಾದರೂ ಶಿಳ್ಳೆ ಎದ್ದರೆ ಎರಡು ವೈರನ್ನು ಬಿಡಿಸಿ ಬೇರೆ ಮಾಡುತ್ತಿದ್ದರು. ಅಚ್ಚುಕಟ್ಟಿನ ಹುಚ್ಚನ್ನು ಕಿವಿ ಕಾಯುತ್ತಿತ್ತು. ಕಾಯುವವನು ಮಲಗಿದ್ದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ.

ಟೀಚರು ಬಂದಾಗ ಅಂಗಡಿಯಲ್ಲಿ ಟೇಪ್ ರೆಕಾರ್ಡರು ಹಿಡಿದ ಒಬ್ಬ ಗಿರಾಕಿಯೂ ನಿಂತಿದ್ದ. ಗಿಟಾರಣ್ಣ ಆಗಲೇ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಗಿರಾಕಿಯನ್ನು ಕಳಿಸಿ ಮಾತಾಡಬಹುದಿತ್ತು. ಮೇಷ್ಟ್ರು ಹಾಗೆ ಮಾಡಲಿಲ್ಲ. ತಡಮಾಡಿದರೆ ಧೈರ್ಯ ಜಾರಿಹೋಗುತ್ತದೆಂದು ಅವರಿಗೆ ಗೊತ್ತಿತ್ತು.

"ಅಮ್ಮಾ, ನನಗೆ ಶಿಳ್ಳೆಯಂಥ ಕೀರಲು ಸ್ವರ ಕೇಳಿಸೋದಿಲ್ಲ" ಎಂದರು. "ಯಾವಾಗಿನಿಂದ ಅಂತ ನನಗೂ ಗೊತ್ತಿಲ್ಲ. ಈ ಶಿಳ್ಳೆ ನಾನೇ ಮಾಡಿಟ್ಟಿದ್ದು. ಅದನ್ನ ನನಗೆ ಹೇಳೋಕೆ ಆಗದೆ ಇವನು ಪೆಟ್ಟಿಗೆ ಮಾರ್ತಾ ಇದ್ದಾನೆ. ಮಾರೋ ಮನಸ್ಸು ಇವನಿಗಿಲ್ಲ. ದಯವಿಟ್ಟು ಬಿಟ್ಟುಬಿಡಿ."

"ಲೋ, ನಾನು ಅವರಿಗೆ ಮಾತು ಕೊಟ್ಟಿದ್ದೀನಿ" ಎಂದ ಗಿಟಾರಣ್ಣ.

"ನೀನು ಸುಮ್ನಿರು."

ಟೀಚರಿಗೆ ಬೇಸರವಾಯಿತು, ಅದನ್ನು ಅವರು ಮುಚ್ಚಿಡಲಿಲ್ಲ. "ಮೊದಲೇ ಹೇಳಿದ್ರೆ ಚೆನ್ನಾಗಿತ್ತು. ಇದಕ್ಕೋಸ್ಕರ ಇನ್ನೊಂದನ್ನ ಬೇಡ ಅಂದುಬಿಟ್ಟೆ" ಎಂದರು. ಪೆಟ್ಟಿಗೆಯ ಕಂದು ಬಟ್ಟೆಯನ್ನು ಒಮ್ಮೆ ಸವರಿದರು. "ಮನಸ್ಸಿಲ್ಲದವರ ಹತ್ರ ಕಿತ್ಕೊಂಡು ಹೋಗಿ ನಾನೇನು ನುಡಿಸ್ಲಿ" ಎಂದು ಗಿಟಾರು ಹೆಗಲಿಗೇರಿಸಿಕೊಂಡು ಹೊರಟರು. ಗಿರಾಕಿ ತನ್ನ ಟೇಪ್ ರೆಕಾರ್ಡರನ್ನು ಮೆಲ್ಲಗೆ ಬಗಲಿಗೆ ಸೇರಿಸಿಕೊಂಡು, "ಆಮೇಲೆ ಬರ್ತೀನಿ ಮೇಷ್ಟ್ರೇ" ಎಂದ. ನಿಜಕ್ಕೂ ಆಮೇಲೆ ಬರುವವರು ಸೆಟ್ಟನ್ನು ಇಟ್ಟು ಹೋಗುತ್ತಾರೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವನ ಬೆನ್ನನ್ನು ಬೀದಿಯ ತಿರುವಿನವರೆಗೂ ನೋಡಿದರು.

ಆಮೇಲೆ ಬಾಗಿಲನ್ನು ಅರ್ಧ ಎಳೆದು ಬಂದು ಕೂತರು. "ಗಿಟಾರು ತಗೋ. ಒಂದೇ ತಂತಿ ಮೀಟ್ತಾ ಇರು. ನಾನು ಒಂದೊಂದೇ ವೈರು ಬೇರೆ ಮಾಡ್ತೀನಿ. ಶಿಳ್ಳೆ ಏನಾಯ್ತು ಅಂತ ನೀನು ಹೇಳು."

ಪೆಟ್ಟಿಗೆ ಚಾಲೂ ಆಯಿತು. ಮೇಷ್ಟ್ರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಲ್ಲಿ ಒಣ ಮರದ ಕಡ್ಡಿ ಹಿಡಿದು, ಸಡಿಲಿಸಿದ ಜಡೆಯಿಂದ ಒಂದು ವೈರನ್ನು ಪಕ್ಕಕ್ಕೆ ತಳ್ಳಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಅವರಿಗೆ ಕೇಳಬೇಕಾದ್ದೆಲ್ಲ ಈಗ ಎದುರಿನ ಮುಖದ ಮೇಲಿತ್ತು, ಅದನ್ನೇ ನೆಟ್ಟ ನೋಟದಿಂದ ನೋಡಿದರು.

"ಹೋಯ್ತು ಕಣೋ" ಎಂದ ಗಿಟಾರಣ್ಣ, ಕೂಡಲೇ.

"ಸುಳ್ಳು."

"ಇಲ್ಲ ಮಾರಾಯ, ಹೋಯ್ತು. ನಿಜವಾಗ್ಲೂ."

"ಹುಬ್ಬು ಇನ್ನೂ ಮೇಲೇ ಇದೆ ನಿಂದು. ನನಗೆ ಕಿವಿ ಹೋಗಿದೆ, ಕಣ್ಣಲ್ಲ."

ಗಿಟಾರಣ್ಣ ಮೀಟುವುದನ್ನು ನಿಲ್ಲಿಸಿದ. ಗೆಳೆಯ ರೆಪ್ಪೆ ಮಿಟುಕಿಸದೆ ತನ್ನ ಹುಬ್ಬನ್ನೇ ಕಾಯುತ್ತಿರುವುದು ಅವನಿಗೆ ಆಗಷ್ಟೇ ಕಂಡಿತು. ಅಯ್ಯೋ ಪಾಪ ಎನ್ನಿಸಿತು, ಮರುಕ್ಷಣವೇ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮತ್ತೆ ತಂತಿ ಮೀಟಿದ. ಮೇಷ್ಟ್ರು ಇನ್ನೊಂದು ವೈರನ್ನು ತಟ್ಟೆಯ ಅಂಚಿನವರೆಗೆ ಸರಿಸಿದರು, ಮತ್ತೊಂದನ್ನು ಮೇಲಕ್ಕೆತ್ತಿದರು. ಹುಬ್ಬು ನಿಧಾನವಾಗಿ ಇಳಿಯಿತು. ಮೇಷ್ಟ್ರು ಉಸಿರು ಬಿಟ್ಟು, ಕಡ್ಡಿಯನ್ನು ಅಲ್ಲೇ ಹಿಡಿದರು.

"ಈಗ?"

ಗಿಟಾರಣ್ಣ ಪೆಟ್ಟಿಗೆಯ ಹತ್ತಿರಕ್ಕೆ ಬಗ್ಗಿ, ಇನ್ನೊಮ್ಮೆ ಮೀಟಿ, ಸ್ವರ ಪೂರ್ತಿ ಆರುವವರೆಗೆ ಕಾದ.

"ಇಲ್ಲ" ಎಂದ. "ಇನ್ನೂ ಸ್ವಲ್ಪ ಇದೆ."

ಆ ಮಾತು ಮೇಷ್ಟ್ರಿಗೆ ಸೂಜಿಯಂತೆ ಚುಚ್ಚಿತು. ಅವರ ಕಿವಿಯ ಸಂಗತಿ ಗೊತ್ತಿದ್ದೂ, ಕೆಲಸ ಸರಿಯಾಗಿಲ್ಲ ಎಂದು ಅವರ ಮುಖಕ್ಕೇ ಹೇಳಿದವನು ಇವನೊಬ್ಬನೇ. ಚುಚ್ಚಿದ ಜಾಗದಲ್ಲೇ ಏನೋ ಹಗುರವಾಯಿತು. ಅವರಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕರೆಂಟು ಹರಿಯುತ್ತಿದ್ದ ತಟ್ಟೆಯೊಳಗೆ ಕಡ್ಡಿಯಿದ್ದುದರಿಂದ ಸುಮ್ಮನಾದರು.

"ಸ್ವಲ್ಪ ಅಂದ್ರೆ ಎಷ್ಟು? ಸರಿಯಾಗಿ ಕೇಳಿಸ್ಕೊಂಡು ಹೇಳು" ಎಂದು ಗದರಿ, ಮುಂದಿನ ವೈರಿನ ಕಡೆಗೆ ಬಗ್ಗಿದರು.